ರೆಡ್ ಆಕ್ಸೈಡ್ ಮೆತ್ತಿದ ಅಂಗೈ

ಕ್ರೇನಿನ ಕೊಕ್ಕೆ ಕಳಚಿ ಬೀಳಬಹುದಿತ್ತು. ವೆಲ್ಡಿಂಗ್ ಕಿಡಿ ಹಾರಿ ಥಿನ್ನರ್ ಡಬ್ಬಕ್ಕೆ ಬಿದ್ದು ಇಡೀ ಶೆಡ್ಡು ಉರಿದುಹೋಗಬಹುದಿತ್ತು. ಗ್ರೈಂಡರಿನ ಚಕ್ರ ಒಡೆದು ಅದರ ಚೂರು ಯಾರದೋ ಕುತ್ತಿಗೆ ಕೊಯ್ಯಬಹುದಿತ್ತು. ಕಂಪ್ರೆಸರಿನ ಟ್ಯಾಂಕು ಸಿಡಿಯಬಹುದಿತ್ತು. ಸೋರುವ ಛಾವಣಿ ನೋಡಲು ಹತ್ತಿದವನ ಕಾಲಡಿ ಸಿಮೆಂಟ್ ಶೀಟು ಮುರಿದು ಅವನು ನೇರ ತಗಡು ಕತ್ತರಿಸುವ ಶಿಯರಿಂಗ್ ಮಷೀನಿನ ಬಾಯಿಗೆ ಬೀಳಬಹುದಿತ್ತು. ಬಿಸಿಲ ಝಳಕ್ಕೆ ಕಣ್ಣು ಕತ್ತಲಿಟ್ಟು ಯಾರಾದರೂ ಪ್ರೆಸ್ಸಿನ ಕೆಳಗೆ ಕೈ ಕೊಡಬಹುದಿತ್ತು. ನೀರಿನ ಟ್ಯಾಂಕರಿಗಾಗಿ ನಮ್ಮವರೂ ಪಕ್ಕದ ಶೆಡ್ಡಿನವರೂ ಕೊಡ ಹಿಡಿದು ಹೊಡೆದಾಡಿ ಒಂದು ತಲೆಯಾದರೂ ಉರುಳಬಹುದಿತ್ತು. ಇದ್ಯಾವುದೂ ಆಗದಿದ್ದರೆ, ತುಮಕೂರು ರಸ್ತೆ ದಾಟುವಾಗ ನನ್ನ ಮೇಲೆಯೇ ಲಾರಿ ಹರಿಯಬಹುದಿತ್ತು.

ಆ ಬೇಸಿಗೆ ಇಷ್ಟೂ ಅನಾಹುತಗಳಿಗೆ ನಾನು ಸಿದ್ಧನಾಗಿದ್ದೆ. ಚಿಂತೆ ಮಾಡುವುದಕ್ಕೆಂದೇ ಸಂಬಳ ಪಡೆಯುವ ಕೆಲವೇ ಅದೃಷ್ಟವಂತರಲ್ಲಿ ನಾನೊಬ್ಬ. ಪೀಣ್ಯದಲ್ಲಿ ಗೋದಾಮುಗಳಿಗೆ ಕಬ್ಬಿಣದ ರ‍್ಯಾಕು ಮಾಡುವ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ದಿನಕ್ಕೆ ಎಷ್ಟು ಸಲ ‘ಹುಷಾರು’ ಎನ್ನುತ್ತೇನೋ ನನಗೇ ಲೆಕ್ಕವಿಲ್ಲ. ಅದಕ್ಕೇ ಕೆಲಸಗಾರರು ನನ್ನ ಹೆಸರನ್ನು ಮರೆತು ‘ಹುಷಾರ್ ಸಾರ್’ ಎಂದು ಕರೆಯುತ್ತಾರೆ. ಹೆಲ್ಮೆಟ್ ಹಾಕಿಕೊಂಡೇ ಊಟಕ್ಕೆ ಕೂರುತ್ತೇನೆ. ಒಮ್ಮೆ ಹಾಗೇ ಮೆಟ್ರೊ ಹತ್ತಿ ದಾಸರಹಳ್ಳಿಯ ಮನೆಯವರೆಗೂ ಹೋಗಿದ್ದೆ. ಬಾಗಿಲು ತೆಗೆದ ನನ್ನ ಹೆಂಡತಿ ತಲೆಯಿಂದ ಕಾಲಿನವರೆಗೆ ನೋಡಿ ಹೇಳಿದಳು: “ನೀವು ಇನ್ನೂ ಚಿಂತೆ ಮಾಡಿಲ್ಲದೇ ಇರೋ ವಿಷಯ ಒಂದಾದ್ರೂ ಉಳಿದಿದ್ರೆ ಹೇಳಿ, ಅದನ್ನ ನಾನು ನೋಡ್ಕೋತೀನಿ.”

ಒಂದು ಉಳಿದಿತ್ತು. ಆಗ ನನಗೆ ಗೊತ್ತಿರಲಿಲ್ಲ.

ಮೊನ್ನೆ ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಮೇಲುಬಣ್ಣಕ್ಕೆ ಮುಂಚೆ ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ರೆಡ್ ಆಕ್ಸೈಡು. ಅದಕ್ಕೆ ಥಿನ್ನರ್ ಬೆರೆತ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಆ ಬೇಸಿಗೆಯೆಲ್ಲ ಹಾಗೇ ಎದ್ದು ಬಂತು, ಶರಣಪ್ಪನ ಕಿರುಚಾಟದ ಸಮೇತ.

ಶರಣಪ್ಪ ನಮ್ಮ ಪೇಂಟ್ ವಿಭಾಗದವನು, ಯಾದಗಿರಿ ಕಡೆಯವನು. ಹೆಂಡತಿ ರೇಣವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಇಬ್ಬರೂ ಇದ್ದದ್ದು ನಮ್ಮ ಪೇಂಟ್ ಮೇಸ್ತ್ರಿ ಗಂಗರಾಜು ಕಟ್ಟಿಸಿದ್ದ ಸಾಲುಮನೆಯ ಒಂದು ರೂಮಿನಲ್ಲಿ. ಗಂಗರಾಜು ಇಲ್ಲಿಯದೇ ಹಳೇ ಊರಿನವನು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಈಗ ನಮ್ಮ ಕಾರ್ಖಾನೆ ನಿಂತಿದೆ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ, ನಾವೆಲ್ಲ ಅವರ ರಾಗಿ ತುಳಿದುಕೊಂಡು ಓಡಾಡುತ್ತಿದ್ದೇವೆ ಎಂಬಂತೆ.

ಶರಣಪ್ಪನ ಅಂಗೈ ನಾನು ಕಂಡಾಗಿನಿಂದ ಕೆಂಪು. ರೆಡ್ ಆಕ್ಸೈಡು ಕೈಯ ಗೆರೆಗಳ ಒಳಗೇ ಇಳಿದುಬಿಟ್ಟಿತ್ತು. ಗ್ಲೌಸ್ ಕೊಟ್ಟರೆ “ಬೆವರ್ತದ್ರಿ ಸಾರ್, ಬ್ರಷ್ ಜಾರ್ತದ” ಎಂದು ಜೇಬಿಗಿಟ್ಟುಕೊಳ್ಳುತ್ತಿದ್ದ. ಬರಿಗಾಲಲ್ಲಿ ಓಡಾಡುತ್ತಿದ್ದದ್ದರಿಂದ ಅಂಗಾಲೂ ಕೆಂಪು. ಶೆಡ್ಡಿನ ನೆಲದ ಮೇಲೆ ಅವನ ಹೆಜ್ಜೆಗಳು ಹೊಸ ಸೊಸೆ ಮನೆ ತುಂಬಿದ ಹಾಗೆ ಕೆಂಪಗೆ ಮೂಡಿರುತ್ತಿದ್ದವು.

ಆ ವರ್ಷ ಬಿಸಿಲು ಹುಚ್ಚು ಹಿಡಿಸುವಂತೆ ಇತ್ತು. ಶೀಟಿನ ಅಡಿಯಲ್ಲಿ ನಿಂತರೆ ತಲೆಯ ಮೇಲೆ ಕಾದ ಹೆಂಚು ಹೊತ್ತ ಹಾಗೆ. ಕರೆಂಟು ಹೋಗುತ್ತಿತ್ತು, ಆರ್ಡರಿನ ಒತ್ತಡ ಮಾತ್ರ ಹೋಗುತ್ತಿರಲಿಲ್ಲ. ಎಲ್ಲರ ಕೈಯೂ ಬೇಗ ಮೇಲೇಳುತ್ತಿತ್ತು. ವೆಲ್ಡರೊಬ್ಬ ಬೀಡಿಗಾಗಿ ಇನ್ನೊಬ್ಬನ ಹಲ್ಲು ಉದುರಿಸಿದ. ಟ್ಯಾಂಕರಿನ ಪೈಪು ಯಾರು ಮೊದಲು ಹಿಡಿಯಬೇಕೆಂಬ ಜಗಳದಲ್ಲಿ ಸೆಕ್ಯೂರಿಟಿಯವನ ಅಂಗಿ ಬೆನ್ನಿನಿಂದ ಸೀಳಿಹೋಯಿತು. ನಾನು ನಡುವೆ ಹೆಲ್ಮೆಟ್ ಹಾಕಿಕೊಂಡು “ಹುಷಾರು, ಹುಷಾರು” ಎನ್ನುತ್ತಿದ್ದೆ. ಎರಡೂ ಕಡೆಯವರು ನನ್ನನ್ನು ಬದಿಗೆ ಸರಿಸಿ ಹೊಡೆದಾಡುತ್ತಿದ್ದರು.

ಈ ಗಲಾಟೆಯ ನಡುವೆ ಒಂದು ಕಂದು ನಾಯಿ ರ‍್ಯಾಕುಗಳ ಕೆಳಗೆ ಮರಿ ಹಾಕಿತ್ತು. ಊಟದ ಹೊತ್ತಿಗೆ ಸರಿಯಾಗಿ ಎದ್ದು ಒಬ್ಬೊಬ್ಬರ ಡಬ್ಬಿಯನ್ನೂ ಮೂಸಿ ನೋಡಿ ಮುಂದೆ ಹೋಗುತ್ತಿದ್ದುದರಿಂದ ಅದಕ್ಕೆ ‘ಇನ್‌ಸ್ಪೆಕ್ಟ್ರಮ್ಮ’ ಎಂದು ಹೆಸರು. ಬಿಸಿಲು ಏರಿದ ಹಾಗೆ ಅದರ ಕಿವಿ, ಕುತ್ತಿಗೆಯ ತುಂಬ ಉಣ್ಣಿಗಳು ಕಚ್ಚಿಕೊಂಡವು. ಮೊದಲು ಎಳ್ಳಿನಷ್ಟಿದ್ದು ರಕ್ತ ಕುಡಿದ ಮೇಲೆ ಹುರಳಿಕಾಳಿನಷ್ಟು ಊದುವ ಹುಳಗಳು. ಶರಣಪ್ಪ ಊಟ ಮುಗಿಸಿ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೊಂದೇ ಕೀಳುತ್ತಿದ್ದ. ಕಿತ್ತದ್ದನ್ನು ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಅದುಮುತ್ತಿದ್ದ. ಪಟ್ ಎನ್ನುತ್ತಿತ್ತು, ರಕ್ತ ಚಿಮ್ಮುತ್ತಿತ್ತು. ಸುತ್ತ ಕೂತವರಿಗೆ ಅದೊಂದು ಆಟ.

“ಏಯ್, ಅದು ದೊಡ್ಡದು ಕಣೋ, ನಂಗೆ ಕೊಡು!”

“ನೀ ಸಣ್ಣದು ಒಡಿ ಮಗಾ, ದೊಡ್ಡದಕ್ಕೆ ಸೀನಿಯಾರಿಟಿ ಬೇಕು.”

ತಗಡಿನ ಅಂಚು ಕೊಯ್ದು ಸದಾ ಗಾಯವಿರುತ್ತಿದ್ದ ಬೆರಳುಗಳು. ಅವುಗಳ ಮೇಲೆ ಆ ರಕ್ತ. ನಾನು ಅಲ್ಲೇ ಕೂತು ಮೊಸರನ್ನ ಉಣ್ಣುತ್ತಾ ಮೇಲಿನ ಕ್ರೇನಿನ ಕೊಕ್ಕೆಯನ್ನೇ ನೋಡುತ್ತಿದ್ದೆ.

ಒಂದು ದಿನ ಶರಣಪ್ಪ ತಲೆಗೆ ಒದ್ದೆ ಟವೆಲ್ ಬಿಗಿದುಕೊಂಡು ಬಂದ. ಜ್ವರ, ಮೈಕೈ ನೋವು, ತಲೆ ಸಿಡಿದುಹೋಗುವ ಹಾಗೆ ಆಗುತ್ತಿದೆ ಎಂದ. ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಮತ್ತೆ ಬ್ರಷ್ ಹಿಡಿದ. ಗಂಗರಾಜು, “ಬಿಸ್ಲಿಗೆ ಅಂಗಾಗೈತೆ, ಮಜ್ಜಿಗೆ ಕುಡಿ” ಎಂದ. ನಾನು ರಜೆ ತಗೋ ಎಂದೆ. “ಮನ್ಯಾಗ ಶೀಟ್ ಇನ್ನೂ ಬಿಸಿ ಅದರಿ” ಎಂದು ನಕ್ಕ. ಅದು ನಿಜವೂ ಹೌದು.

ಆಮೇಲೆ ಒಂದೆರಡು ದಿನ ಅವನು ಮಾತು ಕಡಿಮೆ ಮಾಡಿದ. ಬಣ್ಣ ಬಳಿದ ರ‍್ಯಾಕಿಗೇ ಮತ್ತೆ ಮತ್ತೆ ಬಳಿಯುತ್ತಿದ್ದ. ಕಣ್ಣು ಕೆಂಡದಂತೆ ಆಗಿತ್ತು. ಊಟದ ವಿರಾಮ ಮುಗಿದು ಬೆಲ್ಲು ಹೊಡೆದ ಹೊತ್ತಿಗೆ, ಯಾರೋ ಹಿಂದಿನಿಂದ ಅವನ ಭುಜ ಮುಟ್ಟಿದರು. ಅಷ್ಟೇ. ನೆಲದ ಮೇಲಿದ್ದ ಚಿಪ್ಪಿಂಗ್ ಹ್ಯಾಮರ್ ಎತ್ತಿಕೊಂಡು ತಿರುಗಿದ. ವೆಲ್ಡಿಂಗಿನ ಕಿಟ್ಟ ಕೆರೆಯುವ, ಒಂದು ಬದಿ ಚೂಪಾದ ಸುತ್ತಿಗೆ ಅದು.

“ನನ್ನ ಹೆಂಡ್ತೀನ ಎಲ್ಲಿ ಹುಗದೀರಿ? ಹೇಳ್ರಲೇ!”

ಮೊದಲ ಏಟು ಥಿನ್ನರ್ ಡಬ್ಬಕ್ಕೆ. ಎರಡನೆಯದು ಒಬ್ಬ ಹೆಲ್ಪರನ ಮುಂಗೈಗೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮೂರನೆಯದಕ್ಕೆ ಅಡ್ಡ ಬಂದವನು ನಾನು. ಧೈರ್ಯದಿಂದಲ್ಲ, ಓಡುವಾಗ ದಿಕ್ಕು ತಪ್ಪಿ. ಸುತ್ತಿಗೆಯ ಚೂಪು ಬದಿ ನನ್ನ ಹೆಲ್ಮೆಟ್ಟನ್ನು ಸೀಳಿ ಅಲ್ಲೇ ಸಿಕ್ಕಿಕೊಂಡಿತು. ಕೊಂಬಿನಂತೆ ನೆತ್ತಿಯಿಂದ ಹಿಡಿ ಚಾಚಿಕೊಂಡು ನಾನು ನೆಲಕ್ಕೆ ಬಿದ್ದೆ. ಇಷ್ಟು ವರ್ಷ ನನ್ನ ಹೆಲ್ಮೆಟ್ಟಿಗೆ ನಕ್ಕವರಲ್ಲಿ ಒಬ್ಬನೂ ಆ ಕ್ಷಣ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಶರಣಪ್ಪನ ಮೇಲೆ ಬಿದ್ದಿದ್ದರು.

“ಥಿನ್ನರ್ ಏರೈತೆ ನನ್ ಮಗನಿಗೆ!” ಎಂದು ಗಂಗರಾಜು ಕೂಗಿದ. ಪೇಂಟ್ ಶೆಡ್ಡಿನಲ್ಲಿ ಅದು ಎಲ್ಲರಿಗೂ ಹೊಳೆಯುವ ಮೊದಲ ಮಾತು. ಥಿನ್ನರ್ ಮೂಸಿ ತೂರಾಡುವವರನ್ನು ನಾವು ಕಂಡಿದ್ದೆವು. ಗಂಗರಾಜು ಅವನ ಎಡಗೆನ್ನೆಗೆ, ಕಿವಿಯನ್ನೂ ಸೇರಿಸಿ, ಇಡೀ ಅಂಗೈಯಿಂದ ಬಾರಿಸಿದ. ಇನ್ನೊಬ್ಬ ಬೆನ್ನಿಗೆ ಒದ್ದ. ಬಾಯಿಂದ ರಕ್ತ ಬಂತು. ಜ್ವರದವನಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಆರು ಜನ ಹಿಡಿದರೂ ಮೀನಿನಂತೆ ಜಿಗಿಯುತ್ತಿದ್ದ. ಕೊನೆಗೆ ರ‍್ಯಾಕು ಕಟ್ಟುವ ಪ್ಯಾಕಿಂಗ್ ಪಟ್ಟಿಯಿಂದ ಕೈಕಾಲು ಬಿಗಿದು ಟ್ರಾಲಿಯ ಮೇಲೆ ಹಾಕಿದರು.

ನಾನು ಎದ್ದು ಹೋಗಿ ಅವನ ಬಾಯಿ ಮೂಸಿದೆ. ಥಿನ್ನರ್ ವಾಸನೆ ಬಂತು. ಆದರೆ ನನ್ನ ಅಂಗಿಯಿಂದಲೂ ಬರುತ್ತಿತ್ತು, ಗಂಗರಾಜುವಿನ ಮೀಸೆಯಿಂದಲೂ. ಹಣೆ ಮುಟ್ಟಿದೆ. ಸುಡುತ್ತಿತ್ತು.

“ಮೇಸ್ತ್ರಿ, ಇದು ನಶೆ ಅಲ್ಲ ಕಣ್ರೀ. ಮುಟ್ಟಿ ನೋಡಿ.”

ಗಂಗರಾಜು ಮುಟ್ಟಿದ. ಕೈ ಹಿಂದಕ್ಕೆಳೆದುಕೊಂಡ. ಗೂಡ್ಸ್ ಆಟೊ ಕರೆಸಲು ಓಡಿದವನು ಅವನೇ. ಕೈ ಮುರಿದ ಹೆಲ್ಪರನನ್ನೂ ಅದರಲ್ಲೇ ಕೂರಿಸಿಕೊಂಡೆವು.

ನರ್ಸಿಂಗ್ ಹೋಮಿನ ಎಮರ್ಜೆನ್ಸಿಯಲ್ಲಿ ಪಟ್ಟಿ ಬಿಚ್ಚಿದ ಕೂಡಲೇ ಶರಣಪ್ಪ ಸಿಸ್ಟರ ಕೈ ಕಚ್ಚಿದ. ಡ್ರಿಪ್ಪಿನ ಕಂಬ ಉರುಳಿ ಬಾಟಲಿ ಒಡೆಯಿತು. ಇಬ್ಬರು ವಾರ್ಡ್ ಬಾಯ್‌ಗಳು ಅವನ ಎದೆಯ ಮೇಲೆ ಮೊಣಕಾಲೂರಿ ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕರ್ತವ್ಯದಲ್ಲಿದ್ದ ಡಾಕ್ಟರು ದೂರದಿಂದಲೇ ನೋಡಿದರು. ಥಿನ್ನರ್ ವಾಸನೆ ಅವರ ಮೂಗಿಗೂ ಮೊದಲು ಬಡಿದಿತ್ತು. ರಕ್ತ ಪರೀಕ್ಷೆ ಬಂತು, ಪ್ಲೇಟ್‌ಲೆಟ್ ಕಡಿಮೆ. ಡೆಂಗಿ ಇರಬಹುದು, ಅದರ ಮೇಲೆ ನಶೆಯೂ ಇರಬಹುದು ಎಂದರು. ಅವರು ಬರೆದ ಇಂಜೆಕ್ಷನ್ ಹಾಕಿದರು. ಜ್ವರ ಜಗ್ಗಲಿಲ್ಲ. ಅವನ ಕೂಗು ಕ್ರಮೇಣ ನರಳಾಟವಾಯಿತು. ಅದು ಕೂಗಿಗಿಂತ ಭಯಂಕರವಾಗಿತ್ತು. ಒದೆಯುವವನು ಕೊನೇ ಪಕ್ಷ ಬದುಕಿದ್ದಾನೆಂದು ತಿಳಿಯುತ್ತದೆ.

ರೇಣವ್ವ ಗಾರ್ಮೆಂಟ್ಸಿನಿಂದ ಓಡಿ ಬಂದಳು. ಮಂಚಕ್ಕೆ ಕಟ್ಟಿದ್ದ ಗಂಡನನ್ನು ನೋಡಿದಳು, ಒಡೆದ ತುಟಿ ನೋಡಿದಳು. ತಿರುಗಿ ನಿಂತು ಗಂಗರಾಜುವಿನ ಕಾಲರ್ ಹಿಡಿದು ಗೋಡೆಗೆ ಒತ್ತಿದಳು.

“ಯಾರ್ರಿ ಹೊಡದವ್ರು? ದನಕ್ಕ ಹೊಡದಂಗ ಹೊಡದೀರಲ್ಲ!”

“ಅವನಿಗೆ ಥಿನ್ನರ್ ಏರಿರಬೌದು ಅಂತ... ನಾನೂ ಅಂಗೇ ಅನ್ಕೊಂಡೆ ಕಣಮ್ಮ...”

“ಎಂಟು ವರ್ಷ ಆತು ಲಗ್ನ ಆಗಿ. ಅಂವ ಎಲಿ ಅಡಿಕಿ ಸೈತ ತಿನ್ನಂಗಿಲ್ಲ!”

ಬೇರೆ ದಿನವಾಗಿದ್ದರೆ ಗಂಗರಾಜು ಆ ಕೈಯನ್ನು ತಿರುಚುತ್ತಿದ್ದ. ಅವತ್ತು ಗೋಡೆಗೆ ಅಂಟಿಕೊಂಡೇ ನಿಂತ.

ಸಿಟ್ಟು ಇಳಿದ ಮೇಲೆ ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈಗೆ ಕೆಲಸ ಬೇಕಿತ್ತು. ದಿನಾ ಸಂಜೆ ಅವನು ಊಟಕ್ಕೆ ಕೂರುವ ಮುಂಚೆ ಮಾಡುತ್ತಿದ್ದದ್ದನ್ನೇ ಮಾಡಿದಳು. ಚೀಲದಲ್ಲಿದ್ದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಅವನ ಅಂಗೈಗೆ ಸುರಿದು ಸೆರಗಿನಿಂದ ಉಜ್ಜತೊಡಗಿದಳು. ರೆಡ್ ಆಕ್ಸೈಡು ಎಣ್ಣೆಗೆ ಬಿಟ್ಟುಕೊಂಡು ಸೆರಗು ಕೆಂಪಾಯಿತು. ಅಂಗೈ ಮಾತ್ರ ಪೂರ್ತಿ ಬಿಳುಪಾಗಲಿಲ್ಲ. ಇನ್ನಷ್ಟು ಎಣ್ಣೆ ಹಾಕಿದಳು. ಇನ್ನಷ್ಟು ಉಜ್ಜಿದಳು.

“ಸಾರ್,” ಎಂದಳು ನನ್ನ ಕಡೆ ನೋಡದೆ. “ಬಣ್ಣ ಹೋತ್ರಿ. ಈ ಚುಕ್ಕಿ ಹೋಗವಲ್ವು.”

ಅಷ್ಟರಲ್ಲಿ ಡ್ಯೂಟಿ ಬದಲಾಗಿ ಇನ್ನೊಬ್ಬ ಡಾಕ್ಟರು ಬಂದಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೊರಳಿಗೆ ಸ್ಟೆತಸ್ಕೋಪ್, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಆ ಮಾತು ಕಿವಿಗೆ ಬಿದ್ದದ್ದೇ ಬಿಸ್ಕತ್ತನ್ನು ಕಿಟಕಿಯ ಮೇಲಿಟ್ಟು ಬಂದರು. ಅಂಗೈಯನ್ನು ದೀಪಕ್ಕೆ ಹಿಡಿದರು. ಒಂದು ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಮಣಿಕಟ್ಟು ನೋಡಿದರು, ಅಂಗಿ ಎತ್ತಿ ಹೊಟ್ಟೆ ನೋಡಿದರು. ಮೈಯ ಕಪ್ಪು ಬಣ್ಣದಲ್ಲಿ ಮಸುಕಾಗಿ ಕಾಣದೆ ಹೋದ ಕಲೆಗಳು ಅಲ್ಲೂ ಇದ್ದವು. “ಕಾಲೂ ತೊಳೀರಿ” ಎಂದರು. ರೇಣವ್ವ ಅಂಗಾಲಿಗೂ ಎಣ್ಣೆ ಸುರಿದಳು. ಅಲ್ಲೂ ಅದೇ ಚುಕ್ಕೆಗಳು.

“ಇವರು ಕೆಲಸ ಮಾಡೋ ಕಡೆ ನಾಯಿ, ದನ ಏನಾದ್ರೂ ಇದೆಯಾ? ಉಣ್ಣಿ ಕಚ್ಚಿತ್ತಾ?”

ನಾನು ಬಾಯಿ ತೆರೆಯುವ ಮುಂಚೆ ಗಂಗರಾಜುವೇ ಹೇಳಿದ: “ದಿನಾ ಕೀಳ್ತಾನೆ ಮೇಡಂ. ಉಗುರಲ್ಲಿ ಒಡೀತಾನೆ.”

“ಹಾಗಾದ್ರೆ ಇದು ಉಣ್ಣಿಯಿಂದ ಬರೋ ಜ್ವರ ಇರಬಹುದು. ಕಚ್ಚಿದ್ರೂ ಬರುತ್ತೆ, ಒಡೆದ ರಕ್ತ ಗಾಯಕ್ಕೆ ತಗುಲಿದ್ರೂ ಬರಬಹುದು. ಡೆಂಗಿ ಥರಾನೇ ಕಾಣುತ್ತೆ, ಪ್ಲೇಟ್‌ಲೆಟ್ಟೂ ಇಳಿಯುತ್ತೆ. ಆದ್ರೆ ಡೆಂಗಿ ವೈರಸ್, ಇದು ಬ್ಯಾಕ್ಟೀರಿಯಾ. ರಕ್ತನಾಳದ ಒಳಗೋಡೆಗೇ ಹೋಗಿ ಕೂರುತ್ತೆ, ಆಮೇಲೆ ನಾಳ ಸೋರುತ್ತೆ. ಮಿದುಳಿಗೆ ಹೋಗಿದೆ, ಅದಕ್ಕೇ ಹೊಡೆದಾಟ.”

“ಟೆಸ್ಟ್ ಮಾಡಿಸ್ಬೇಕಾ ಮೇಡಂ?” ಎಂದೆ.

“ಕಳಿಸ್ತೀನಿ. ಆದ್ರೆ ಶುರುವಿನ ದಿನಗಳಲ್ಲಿ ಎಷ್ಟೋ ಸಲ ಅದು ಇಲ್ಲ ಅಂತಾನೇ ಬರುತ್ತೆ. ರಿಪೋರ್ಟಿಗೆ ಕಾದ್ರೆ ಮನುಷ್ಯ ಇರಲ್ಲ. ಈಗ ಹಾಕಿರೋ ಇಂಜೆಕ್ಷನ್ ಈ ಕ್ರಿಮಿಯನ್ನ ಮುಟ್ಟೋದೂ ಇಲ್ಲ. ಡಾಕ್ಸಿಸೈಕ್ಲಿನ್ ಈಗಲೇ ಶುರು ಮಾಡ್ತೀನಿ.”

“ಅದು ಸಿಗುತ್ತಾ ಮೇಡಂ? ಫಾರಿನ್ನಿಂದ ತರಿಸ್ಬೇಕಾ?”

ಅವರು ನನ್ನನ್ನು, ನನ್ನ ಸೀಳಿದ ಹೆಲ್ಮೆಟ್ಟನ್ನು ನೋಡಿದರು. “ಹಳೇ ಔಷಧಿ ಸಾರ್. ಮೂಲೆ ಅಂಗಡೀಲೂ ಇರುತ್ತೆ. ಕೊಡಬೇಕು ಅಂತ ಹೊಳೀಬೇಕು, ಅಷ್ಟೇ.”

ಔಷಧಿ ನರಕ್ಕೆ ಇಳಿಯುತ್ತಿದ್ದಂತೆಯೇ ಅವನಿಗೆ ಫಿಟ್ಸ್ ಬಂತು. ಮಂಚ ಗೋಡೆಗೆ ಬಡಿಯುವಷ್ಟು. ಐಸಿಯುಗೆ ಒಯ್ದರು. ಬಾಗಿಲು ಮುಚ್ಚಿತು. ರೇಣವ್ವ ಎಣ್ಣೆ, ರೆಡ್ ಆಕ್ಸೈಡು ಮೆತ್ತಿದ ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತಳು. ಉಳಿಯುತ್ತಾನೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದೆ. “ಇನ್ನೊಂದೆರಡು ದಿನದಲ್ಲಿ ಜ್ವರ ಇಳಿದ್ರೆ ಬಚಾವ್. ನಿಮ್ಮಲ್ಲಿ ಬೇರೆ ಯಾರಿಗಾದ್ರೂ ಜ್ವರ ಬಂದ್ರೆ ತಕ್ಷಣ ಕರ್ಕೊಂಡ್ಬನ್ನಿ, ಉಣ್ಣಿ ಇತ್ತು ಅಂತ ಮೊದಲೇ ಹೇಳಿ. ನಾಯಿಗೆ ಔಷಧಿ ಹಾಕ್ಸಿ, ಹೊಡೀಬೇಡಿ” ಎಂದರು.

ಕೊನೆಯ ಆ ಮಾತನ್ನು ಹೊತ್ತುಕೊಂಡು ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಮಾತಿಗಿಂತ ಸುದ್ದಿ ಮುಂಚೆ ಮುಟ್ಟಿತ್ತು. ನಾಯಿಯಿಂದ ರೋಗ ಎಂಬಷ್ಟು ಮಾತ್ರ ಮುಟ್ಟಿತ್ತು. ಗೇಟಿನಲ್ಲೇ ಕೂಗಾಟ ಕೇಳಿಸಿತು. ಓಡಿದೆ. ಚೌಕ ಪೈಪು ಹಿಡಿದ ನಾಲ್ಕೈದು ಜನ ಸುತ್ತ ನಿಂತಿದ್ದರು. ನಡುವೆ ಇನ್‌ಸ್ಪೆಕ್ಟ್ರಮ್ಮ. ತಲೆ ಗುರುತು ಸಿಗದ ಹಾಗಾಗಿತ್ತು. ಹಿಂಗಾಲು ಇನ್ನೂ ಅದುರುತ್ತಿತ್ತು. ಹೊಡೆದವರಲ್ಲಿ ಅದಕ್ಕೆ ಅನ್ನ ಹಾಕುತ್ತಿದ್ದವರೂ ಇದ್ದರು. ಗಂಗರಾಜುವಿನ ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ರಕ್ತ ಸಿಡಿದಿತ್ತು.

“ಒಂದು ತಾಪತ್ರಯ ಕಳೀತು ಸಾರ್” ಎಂದ ಏದುಸಿರು ಬಿಡುತ್ತಾ.

ನಾನು ಬಗ್ಗಿ ನೋಡಿದೆ. ನಾಯಿಯ ಕಿವಿಯಿಂದ, ಕುತ್ತಿಗೆಯಿಂದ ಉಣ್ಣಿಗಳು ಕೆಳಗಿಳಿಯುತ್ತಿದ್ದವು. ತಣ್ಣಗಾಗುವ ಮೈಯಲ್ಲಿ ಅವಕ್ಕೇನು ಕೆಲಸ? ಬಿಸಿ ಇರುವ ಕಡೆಗೆ ಹೊರಟಿದ್ದವು. ಅಂದರೆ ನಮ್ಮ ಕಡೆಗೆ.

“ಹುಷಾರು!” ಎಂದು ಕಿರುಚಿದೆ. ಜನ್ಮದಲ್ಲಿ ಮೊದಲ ಬಾರಿಗೆ ಎಲ್ಲರೂ ಕೇಳಿದರು.

ಮುಂದಿನದನ್ನು ಹೇಳಲು ನಾಚಿಕೆ. ಮೊದಲು ಅಂಗಿ ಕಿತ್ತೆಸೆದವನು ನಾನು. ಪ್ಯಾಂಟನ್ನೂ. ಮೈಮೇಲೆ ಚಡ್ಡಿ, ತಲೆಯ ಮೇಲೆ ಸೀಳಿದ ಹೆಲ್ಮೆಟ್. ನಕ್ಕವರು ಒಂದು ಕ್ಷಣ ಮಾತ್ರ ನಕ್ಕರು. ಆಮೇಲೆ ಇಡೀ ಪೇಂಟ್ ವಿಭಾಗ ಬಟ್ಟೆ ಬಿಚ್ಚಿ, ಒಬ್ಬರ ಕಂಕುಳನ್ನು ಇನ್ನೊಬ್ಬರು, ಕಿವಿಯ ಹಿಂದೆ, ಮಂಡಿಯ ಸಂದು, ಸೊಂಟದ ದಾರದ ಕೆಳಗೆ ಹುಡುಕತೊಡಗಿತು. ನನ್ನ ಯಾವ ಸೇಫ್ಟಿ ಮೀಟಿಂಗಿಗೂ ಯಾರೂ ಅಷ್ಟು ಗಮನ ಕೊಟ್ಟಿರಲಿಲ್ಲ. ಒಂದು ಉಣ್ಣಿ ಗಂಗರಾಜುವಿನ ತೊಡೆಸಂದಿಗೆ ಕಚ್ಚಿತ್ತು. ಅವನ ಹೆಬ್ಬೆರಳು ಆಗಲೇ ಅತ್ತ ಹೊರಟಿತ್ತು.

“ಉಗುರು ಹಾಕ್ಬೇಡಿ!” ಎಂದು ಕೂಗಿ ಫಸ್ಟ್ ಏಡ್ ಡಬ್ಬಿಯ ಚಿಮಟ ತಂದೆ. ಚರ್ಮದ ಹತ್ತಿರಕ್ಕೆ ಹಿಡಿದು ತಿರುಚದೆ ನೇರ ಎಳೆಯಬೇಕು. ಮಂಡಿಯೂರಿ ಚಿಮಟವನ್ನು ಅತ್ತ ಒಯ್ದೆ.

“ನಿಧಾನ ಸಾರ್,” ಎಂದ ಗಂಗರಾಜು, ಕಣ್ಣು ಮುಚ್ಚಿಕೊಂಡು. “ನನ್ನ ಜೀವ ಅಲ್ಲೇ ಪಕ್ಕದಲ್ಲೈತೆ.”

ನಾಯಿಯನ್ನು ಆಳಕ್ಕೆ ಗುಂಡಿ ತೋಡಿ ಹೂಳಿಸಿದೆ. ಶೆಡ್ಡಿಗೆಲ್ಲ ಔಷಧಿ ಹೊಡೆಸಿದೆ. ಪಶುವೈದ್ಯರನ್ನು ಕರೆಸಿ ಮರಿಗಳ ಮೈಗೆ ಮದ್ದು ಹಾಕಿಸಿದೆ. ಮರಿಗಳು ತಾಯಿಯನ್ನು ಹೊಡೆದವರ ಕಾಲುಗಳನ್ನೇ ಮೂಸುತ್ತಾ ಓಡಾಡಿದವು.

ಶರಣಪ್ಪನ ಜ್ವರ ಇಳಿಯಿತು. ಡಾಕ್ಟರು ಹೇಳಿದ ಗಡುವಿನೊಳಗೇ ಇಳಿಯಿತು. ಐಸಿಯುನಿಂದ ಹೊರಗೆ ತಂದಾಗ ಅವನ ಮಣಿಕಟ್ಟಿನ ಸುತ್ತ ನಾವು ಕಟ್ಟಿದ್ದ ಪಟ್ಟಿಯ ಗೆರೆ ಕಪ್ಪಾಗಿ ಕೂತಿತ್ತು. ಕೂಗಾಡಿದ್ದು, ಸುತ್ತಿಗೆ ಎತ್ತಿದ್ದು, ಯಾರು ಹೊಡೆದರು, ಯಾವುದೂ ಅವನಿಗೆ ನೆನಪಿಲ್ಲ. ನನ್ನನ್ನು ನೋಡಿ ಕೇಳಿದ ಮೊದಲ ಮಾತು, “ಇನ್‌ಸ್ಪೆಕ್ಟ್ರಮ್ಮಗ ಅನ್ನ ಹಾಕೀರೇನ್ರಿ ಸಾರ್?” ಗಂಗರಾಜು ಎಳನೀರು ತಂದಿದ್ದ. ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ರೇಣವ್ವ ಅದನ್ನು ಮುಟ್ಟಲಿಲ್ಲ.

ಆಗ ನನ್ನ ಕಸುಬು ಮತ್ತೆ ಶುರುವಾಯಿತು. ಮಿದುಳು ಕೆಟ್ಟಿರಬಹುದು. ಕಿಡ್ನಿ ಹೋಗಿರಬಹುದು. ಬೆರಳುಗಳಿಗೆ ರಕ್ತ ಹರಿಯದೆ ಕತ್ತರಿಸಬೇಕಾಗಬಹುದು. ಹೊಡೆತದ ನೆನಪು ಒಂದು ದಿನ ಮರಳಿ, ಅವನು ಗಂಗರಾಜುವಿನ ತಲೆ ಒಡೆಯಬಹುದು. ಡಾಕ್ಟರು ಒಂದೊಂದನ್ನೇ ಪರೀಕ್ಷಿಸಿ ಇಲ್ಲ, ಇಲ್ಲ, ಎಲ್ಲ ಸರಿಯಿದೆ ಎಂದರು.

ಮೊದಲ ಮಳೆ ಬಿದ್ದು ಶೀಟುಗಳು ತಣ್ಣಗಾದ ಮೇಲೆ ಶರಣಪ್ಪ ಕೆಲಸಕ್ಕೆ ಮರಳಿದ. ಕೈಗೆ ಗ್ಲೌಸ್, ಕಾಲಿಗೆ ಬೂಟು. ತುಸು ಸೊರಗಿದ್ದ, ಅಷ್ಟೇ. ಗಂಗರಾಜು ಅವನ ಬ್ರಷ್ಷನ್ನು ತಾನೇ ತೊಳೆದಿಟ್ಟಿದ್ದ. ಎಲ್ಲರೂ ಬೆನ್ನು ತಟ್ಟಿದರು. ಅಂದು ಮಧ್ಯಾಹ್ನ ಕ್ರೇನು ರ‍್ಯಾಕಿನ ಕಂಬಗಳ ಕಟ್ಟನ್ನು ಎತ್ತಿಕೊಂಡು ಬರುತ್ತಿತ್ತು. ಕಟ್ಟು ಸ್ವಲ್ಪ ತೂಗಿ ಶರಣಪ್ಪನ ಎಡಗಡೆಯಿಂದ ಅವನ ತಲೆಯ ಮಟ್ಟಕ್ಕೇ ಬಂತು.

“ಶರಣಪ್ಪಾ, ಹುಷಾರು!”

ಅವನು ತಿರುಗಲಿಲ್ಲ. ಅದೇ ಎಡಗಡೆಯಿಂದ, ಗ್ರೈಂಡರುಗಳ ಗದ್ದಲದ ನಡುವೆ ಇನ್ನೊಮ್ಮೆ ಕೂಗಿದೆ. ಎದುರಿಗಿದ್ದ ಗಂಗರಾಜು ಹೌಹಾರಿ ಹಿಂದೆ ಜಿಗಿದ. ಶರಣಪ್ಪ ಮಾತ್ರ ಬ್ರಷ್ ಅದ್ದುತ್ತಲೇ ಇದ್ದ. ನಾನು ಓಡಿ ಅವನ ಮೇಲೆ ಬಿದ್ದೆ. ಇಬ್ಬರೂ ಉರುಳಿದೆವು. ಕಟ್ಟು ನಮ್ಮ ಮೇಲಿಂದ ಗಾಳಿ ಬೀಸಿಕೊಂಡು ಹೋಯಿತು. ರೆಡ್ ಆಕ್ಸೈಡಿನ ಡಬ್ಬ ನಮ್ಮಿಬ್ಬರ ಮೈಮೇಲೆ.

“ಕೂಗಿದ್ದು ಕೇಳ್ಸಲ್ವೇನೋ ನಿಂಗೆ?” ಎಂದು ಬೈದೆ.

ಅವನು ಎದ್ದು ಕೂತು, ನನ್ನ ಮಾತು ಹಿಡಿಯಲು ಬಲಗೆನ್ನೆಯನ್ನು ನನ್ನ ಕಡೆಗೆ ತಿರುಗಿಸಿದ. ಎಡಗಿವಿ ಮುಟ್ಟಿಕೊಂಡು, ಕಳೆದುಹೋದ ಚಪ್ಪಲಿಯ ವಿಷಯ ಹೇಳುವವನಂತೆ ಹೇಳಿದ:

“ಈ ಕಡಿ ಕಿವಿ ಈಗ ಕೇಳಂಗಿಲ್ರಿ ಸಾರ್. ಅದೊಂದು ಸಣ್ಣದು, ಯಾರಿಗೂ ಹೇಳಿದ್ದಿಲ್ಲ.”

ಆ ಜ್ವರ ಕೆಲವೊಮ್ಮೆ ಕಿವಿಗೂ ಹೋಗುತ್ತದೆಯಂತೆ. ಡಾಕ್ಟರು ಹಾಗೆಂದರು. ಕಿವಿಯ ಮೇಲೆ ಬಿದ್ದ ಏಟಿನಿಂದಲೂ ಹೋಗುತ್ತದೆ, ಯಾವುದೆಂದು ಈಗ ಹೇಳಲಾಗದು ಎಂದೂ ಅಂದರು. ಗಂಗರಾಜು ಅದನ್ನು ಕೇಳಿಸಿಕೊಂಡು ತನ್ನ ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡ. ಅಂದಿನಿಂದ ಶರಣಪ್ಪನಿಗೆ ‘ಹುಷಾರು’ ಹೇಳಬೇಕಾದಾಗ ನಾನು ಮೊದಲು ಸುತ್ತು ಹಾಕಿ ಅವನ ಬಲಗಡೆಗೆ ಹೋಗುತ್ತೇನೆ.